ಬ್ಯಾಸ್ಕೆಟ್‌ಬಾಲ್ ತರಬೇತಿಯ ಪಿತಾಮಹ: ಫಾಗ್ ಅಲೆನ್ (1885–1974)

ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ತರಬೇತಿಯ ಪಿತಾಮಹರೆಂದು ಖ್ಯಾತರಾದ ಫಾರೆಸ್ಟ್ ಕ್ಲೇರ್ ಅಲೆನ್ ಅವರು 1885ರ ನವೆಂಬರ್ 18ರಂದು ಮಿಸೌರಿ ರಾಜ್ಯದ ಜೇಮ್ಸ್‌ಪೋರ್ಟ್‌ನಲ್ಲಿ ಜನಿಸಿದರು. ಬೇಸ್‌ಬಾಲ್ ತೀರ್ಪುಗಾರರಾಗಿದ್ದಾಗ, ಮಂಜಿನಲ್ಲಿ ಹಡಗುಗಳನ್ನು ಎಚ್ಚರಿಸುವ ಕಹಳೆಯನ್ನು ಹೋಲುವ ಅವರ ಕಂಠದಿಂದಾಗಿ 'ಫಾಗ್' ಎಂಬ ಹೆಸರು ರೂಢಿಗೆ ಬಂದಿತು.

ವಿದ್ಯಾರ್ಥಿ ಜೀವನ

ಅಲೆನ್ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯದ ತಂಡದ ಆಟಗಾರರಾಗಿದ್ದರು. 1891ರಲ್ಲಿ ಈ ಆಟವನ್ನು ರೂಪಿಸಿದ ಡಾ. ಜೇಮ್ಸ್ ನೈಸ್ಮಿತ್ ಅವರೇ ಅಲ್ಲಿ ತರಬೇತುದಾರರು. ಆದರೆ ನೈಸ್ಮಿತ್ ಅವರ ದೃಷ್ಟಿಯಲ್ಲಿ ಇದು ಆಡತಕ್ಕ ಆಟವೇ ಹೊರತು ಕಲಿಸತಕ್ಕ ವಿದ್ಯೆಯಾಗಿರಲಿಲ್ಲ. ಗುರುವಿನ ಈ ಅಭಿಪ್ರಾಯವನ್ನು ಶಿಷ್ಯರು ಒಪ್ಪಲಿಲ್ಲ. ತರಬೇತಿಯೂ ಒಂದು ವೃತ್ತಿಯೆಂದು ತೋರಿಸುವುದರಲ್ಲೇ ಅವರ ಜೀವಮಾನ ಕಳೆಯಿತು.

ತರಬೇತುದಾರರಾಗಿ ಸೇವೆ

1907ರಲ್ಲಿ ನೈಸ್ಮಿತ್ ಅವರ ತರುವಾಯ ಅಲೆನ್ ಅವರು ಕ್ಯಾನ್ಸಸ್ ತಂಡದ ಹೊಣೆ ವಹಿಸಿಕೊಂಡರು. 1909ರಲ್ಲಿ ಆ ಹುದ್ದೆಯನ್ನು ಬಿಟ್ಟು, ಮೂಳೆ ಮತ್ತು ಸ್ನಾಯುಗಳನ್ನು ಕೈಯಿಂದಲೇ ಉಪಚರಿಸುವ ಆಸ್ಟಿಯೋಪಥಿ ಪದ್ಧತಿಯನ್ನು ಅಭ್ಯಸಿಸಿದರು. ಮುಂದೆ ಗಾಯಗೊಂಡ ಆಟಗಾರರ ಆರೈಕೆಗೆ ಈ ವಿದ್ಯೆ ನೆರವಾಯಿತು. ವಾರೆನ್ಸ್‌ಬರ್ಗ್‌ನ ಶಿಕ್ಷಕರ ಕಾಲೇಜಿನಲ್ಲಿ ಸೇವೆ ಸಲ್ಲಿಸಿದ ನಂತರ 1919ರಲ್ಲಿ ಕ್ಯಾನ್ಸಸ್‌ಗೆ ಮರಳಿದರು.

1927ರಲ್ಲಿ ನಿಯಮ ಸಮಿತಿಯು ಚೆಂಡನ್ನು ಪುಟಿಸುತ್ತಾ ಸಾಗುವುದನ್ನು ಒಂದೇ ಪುಟಿತಕ್ಕೆ ಸೀಮಿತಗೊಳಿಸಲು ಹೊರಟಾಗ, ಅಲೆನ್ ಅವರು ತರಬೇತುದಾರರನ್ನು ಒಗ್ಗೂಡಿಸಿ ವಿರೋಧಿಸಿದರು. ಆ ಪ್ರಸ್ತಾವ ಕೈಬಿಡಲ್ಪಟ್ಟಿತು. ಹೀಗೆ ಹುಟ್ಟಿದ ರಾಷ್ಟ್ರೀಯ ಸಂಘಕ್ಕೆ ಅವರೇ ಪ್ರಥಮ ಅಧ್ಯಕ್ಷರಾದರು. ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಸೇರಲು ಶ್ರಮಿಸಿದವರಲ್ಲಿ ಅವರು ಪ್ರಮುಖರು. 1936ರಲ್ಲಿ ಬರ್ಲಿನ್‌ನಲ್ಲಿ ಈ ಆಟ ಪ್ರಥಮ ಬಾರಿಗೆ ಒಲಿಂಪಿಕ್ ಪದಕದ ಸ್ಪರ್ಧೆಯಾದಾಗ ವೃದ್ಧ ನೈಸ್ಮಿತ್ ಅವರೂ ಉಪಸ್ಥಿತರಿದ್ದರು.

1952ರಲ್ಲಿ ಕ್ಯಾನ್ಸಸ್ ತಂಡವು ಸೇಂಟ್ ಜಾನ್ಸ್ ತಂಡವನ್ನು 80–63 ಅಂಕಗಳಿಂದ ಮಣಿಸಿ ರಾಷ್ಟ್ರೀಯ ಪ್ರಶಸ್ತಿ ಗಳಿಸಿತು. ಅದೇ ವರ್ಷ ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಏಳು ಮಂದಿ ಅವರ ಶಿಷ್ಯರಿದ್ದರು. ಅಲೆನ್ ಅವರು ಸಹಾಯಕ ತರಬೇತುದಾರರಾಗಿದ್ದರು.

ನಿವೃತ್ತಿ ಮತ್ತು ನಿಧನ

ಏಳು ಅಡಿ ಎತ್ತರದ ವಿಲ್ಟ್ ಚೇಂಬರ್ಲೇನ್ ಅವರನ್ನು ವಿಶ್ವವಿದ್ಯಾಲಯಕ್ಕೆ ಕರೆತಂದವರು ಅಲೆನ್ ಅವರೇ. ಆದರೆ ಅಂದಿನ ನಿಯಮದಂತೆ ಪ್ರಥಮ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಆ ವರ್ಷ ಮುಗಿಯುವಷ್ಟರಲ್ಲಿ, 1956ರಲ್ಲಿ, 70 ವರ್ಷದ ವಯೋಮಿತಿಯಂತೆ ಅಲೆನ್ ಅವರು ನಿವೃತ್ತರಾಗಬೇಕಾಯಿತು. ತಾವೇ ಆರಿಸಿದ ಆಟಗಾರನನ್ನು ಮುಖ್ಯ ತಂಡದಲ್ಲಿ ಆಡಿಸುವ ಅವಕಾಶ ಅವರಿಗೆ ದೊರೆಯಲೇ ಇಲ್ಲ.

ಕ್ಯಾನ್ಸಸ್‌ನ 39 ಋತುಗಳಲ್ಲಿ ಅವರ ತಂಡಗಳು 590 ಪಂದ್ಯಗಳನ್ನು ಗೆದ್ದವು. ವಿಶ್ವವಿದ್ಯಾಲಯದ ಈ ದಾಖಲೆಯನ್ನು 2024ರಲ್ಲಿ ಬಿಲ್ ಸೆಲ್ಫ್ ಅವರು ಮೀರಿದರು. ಶಿಷ್ಯರಾದ ಅಡಾಲ್ಫ್ ರಪ್ ಮತ್ತು ಡೀನ್ ಸ್ಮಿತ್ ಅವರೂ ತರಬೇತುದಾರರಾಗಿ ಕೀರ್ತಿ ಪಡೆದರು. 1974ರ ಸೆಪ್ಟೆಂಬರ್ 16ರಂದು ಅಲೆನ್ ಅವರು ಲಾರೆನ್ಸ್ ನಗರದಲ್ಲಿ ನಿಧನರಾದರು. ಅಲ್ಲಿ 1955ರಲ್ಲಿ ಉದ್ಘಾಟನೆಗೊಂಡ ವಿಶ್ವವಿದ್ಯಾಲಯದ ಕ್ರೀಡಾಂಗಣವು ಅವರ ಹೆಸರನ್ನೇ ಹೊತ್ತಿದೆ.