ಕಲ್ನಾರಿನ ಧೂಳಿಗೆ ಬಲಿಯಾದ ನೆಲ್ಲಿ ಕೆರ್ಷಾ

ಇಂಗ್ಲೆಂಡಿನ ಗಿರಣಿ ಊರಾದ ರಾಚ್‌ಡೇಲಿನಲ್ಲಿ 1891ರಲ್ಲಿ ಹುಟ್ಟಿದ ನೆಲ್ಲಿ ಬಡತನದಿಂದ 12ನೆಯ ವಯಸ್ಸಿಗೇ ಶಾಲೆ ಬಿಟ್ಟು ಹತ್ತಿ ಗಿರಣಿ ಸೇರಿದಳು. ಕೆಲವೇ ತಿಂಗಳಲ್ಲಿ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ ಕಾರ್ಖಾನೆಗೆ ಹೋದಳು. ಬೆಂಕಿಗೆ ಸುಡದ ಈ ಖನಿಜದ ನಾರನ್ನು ನೂಲುವುದೇ ಅಲ್ಲಿನ ಕೆಲಸ. 1917ರ ಕೊನೆಗೆ ಟರ್ನರ್ ಬ್ರದರ್ಸ್ ಕಂಪೆನಿಗೆ ಸೇರಿದಳು. ಮದುವೆಯಾಗಿ ಒಬ್ಬ ಮಗಳಿದ್ದಳು.

1922ರಲ್ಲಿ ಏದುಸಿರು ಹೆಚ್ಚಿ ದುಡಿಯಲಾಗದೆ ಹೋಯಿತು. ಇದು ಕಲ್ನಾರಿನಿಂದ ಬಂದ ರೋಗವೆಂದು ವೈದ್ಯರು ಬರೆದುಕೊಟ್ಟರು. ಆದರೆ ಪರಿಹಾರ ಸಿಗುವ ರೋಗಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಕಂಪೆನಿಯೂ ಹೊಣೆ ಹೊರಲಿಲ್ಲ. 1924ರ ಮಾರ್ಚ್ 14ರಂದು, 33ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಗೋರಿಗೆ ಹೆಸರಿನ ಕಲ್ಲೂ ದಕ್ಕಲಿಲ್ಲ.

ಆಕೆಯ ಶ್ವಾಸಕೋಶಗಳನ್ನು ಪರೀಕ್ಷಿಸಿದ ಡಾ. ವಿಲಿಯಂ ಕುಕ್, ಒಳಹೊಕ್ಕ ಕಲ್ನಾರಿನ ಕಣಗಳೇ ಸಾವಿಗೆ ಕಾರಣವೆಂದು ತೋರಿಸಿದರು. 1927ರಲ್ಲಿ ಆ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂಬ ಹೆಸರು ಬಂತು. ಬಳಿಕ ಸರಕಾರವು 363 ಕಾರ್ಮಿಕರನ್ನು ತಪಾಸಣೆ ಮಾಡಿಸಿದಾಗ 95 ಮಂದಿಗೆ ಅದೇ ರೋಗವಿತ್ತು. 1930ರಲ್ಲಿ ವರದಿ ಬಂತು. 1931ರಲ್ಲಿ ಕಾರ್ಖಾನೆಯ ಧೂಳು ತಡೆಯುವ ನಿಯಮಗಳಾದವು.

ಆ ಧೂಳು ಕ್ಯಾನ್ಸರನ್ನೂ ತರುವುದೆಂದು ಮುಂದೆ ತಿಳಿಯಿತು. ರೋಗ ಕಾಣಿಸಿಕೊಳ್ಳಲು ಹತ್ತಾರು ವರ್ಷ ಹಿಡಿಯುತ್ತದೆ. ನಮ್ಮ ಮಾಡಿನ ಮೇಲಿರುವ ಆಸ್ಬೆಸ್ಟಾಸ್ ಶೀಟುಗಳಲ್ಲಿಯೂ ಇದೇ ಜಾತಿಯ ನಾರಿದೆ. ಅವುಗಳನ್ನು ಕೊಯ್ಯುವ, ಕೊರೆಯುವ, ಒಡೆಯುವ ಕೆಲಸದವರು ನೆಲ್ಲಿಯ ಕತೆಯನ್ನು ಮರೆಯಬಾರದು.