ಫ್ರಿಟ್ಸ್ ಲಂಡನ್

ಪ್ರಶಸ್ತಿಗಳಿಂದ ಹೆಸರು ಗಳಿಸಿದವರು ಹಲವರು. ತಮ್ಮ ಹೆಸರಿನಿಂದಲೇ ಪ್ರಶಸ್ತಿಗೆ ಗೌರವ ತಂದವರು ಕೆಲವರು. ಭೌತವಿಜ್ಞಾನಿ ಫ್ರಿಟ್ಸ್ ಲಂಡನ್ನರು ಎರಡನೆಯ ಪಂಕ್ತಿಗೆ ಸೇರಿದವರು. ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಲಿಲ್ಲ. ಆದರೆ ಅತಿಶೀತದಲ್ಲಿ ವಸ್ತುಗಳ ವರ್ತನೆಯನ್ನು ಅರಿಯಲು ಶ್ರಮಿಸಿದವರಿಗೆ ಸಲ್ಲುವ ಹಿರಿಯ ಪ್ರಶಸ್ತಿಯೊಂದು ಅವರ ಹೆಸರನ್ನೇ ಹೊತ್ತಿದೆ.

ಲಂಡನ್ನರು 1900ರ ಮಾರ್ಚ್ 7ರಂದು, ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ನಗರದ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ತಂದೆ ಗಣಿತದ ಪ್ರಾಧ್ಯಾಪಕರು. ಮಗನ ಒಲವು ಮೊದಲು ತತ್ತ್ವಶಾಸ್ತ್ರದ ಕಡೆಗಿತ್ತು. 1921ರಲ್ಲಿ ಅವರು ಡಾಕ್ಟರ್ ಪದವಿ ಪಡೆದುದೂ ಆ ಶಾಸ್ತ್ರದಲ್ಲಿಯೇ. ಅನಂತರ ಭೌತವಿಜ್ಞಾನ ಅವರನ್ನು ಸೆಳೆಯಿತು. 1927ರಲ್ಲಿ ವಾಲ್ಟರ್ ಹೈಟ್ಲರರೊಡನೆ ಸೇರಿ, ಹೈಡ್ರೊಜನ್ ಅಣುವಿನಲ್ಲಿ ಎರಡು ಪರಮಾಣುಗಳು ಒಂದನ್ನೊಂದು ಬಿಡದೆ ಏಕೆ ಕೂಡಿರುತ್ತವೆ ಎಂಬುದನ್ನು ಕ್ವಾಂಟಂ ಸಿದ್ಧಾಂತದಿಂದ ವಿವರಿಸಿದರು.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದಿ ಎಂಬ ಒಂದೇ ಕಾರಣಕ್ಕೆ ಲಂಡನ್ನರು ಬರ್ಲಿನ್ ವಿಶ್ವವಿದ್ಯಾನಿಲಯದ ಹುದ್ದೆಯನ್ನು ಕಳೆದುಕೊಂಡರು. ತಾಯ್ನಾಡನ್ನು ತೊರೆದು ಪತ್ನಿ ಎಡಿತ್‌ರೊಡನೆ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋದರು. ತಮ್ಮ ಹೈನ್ಸ್ ಕೂಡ ಅಲ್ಲಿಗೆ ಬಂದು ಸೇರಿದರು.

ಕೆಲವು ಲೋಹಗಳನ್ನು ಅತಿಯಾಗಿ ತಣಿಸಿದಾಗ ಅವು ಯಾವ ತಡೆಯೂ ಇಲ್ಲದೆ ವಿದ್ಯುತ್ತನ್ನು ಹರಿಯಗೊಡುತ್ತವೆ. ಇದನ್ನು ಅತಿವಾಹಕತೆ ಎನ್ನುವರು. 1911ರಲ್ಲಿಯೇ ಕಂಡುಬಂದಿದ್ದ ಈ ಸಂಗತಿಯ ಮರ್ಮ ಯಾರಿಗೂ ತಿಳಿದಿರಲಿಲ್ಲ. ಅತಿವಾಹಕವು ಕಾಂತಕ್ಷೇತ್ರವನ್ನು ತನ್ನೊಳಗಿನಿಂದ ಹೊರದೂಡುತ್ತದೆ ಎಂಬುದೂ 1933ರಲ್ಲಿ ಗೊತ್ತಾಯಿತು. ಸೋದರರಿಬ್ಬರೂ 1935ರಲ್ಲಿ ಈ ಎರಡು ಗುಣಗಳನ್ನೂ ಒಳಗೊಂಡ ಸಮೀಕರಣಗಳನ್ನು ರಚಿಸಿದರು. ಪರಮಾಣುವಿನ ಒಳಗೆ ನಡೆಯುವ ಕ್ವಾಂಟಂ ನಿಯಮಗಳೇ ಇಲ್ಲಿ ಕೈಗೆ ಸಿಗುವ ಲೋಹದ ತುಂಡಿನಲ್ಲಿಯೂ ಪ್ರಕಟವಾಗುತ್ತವೆ ಎಂಬುದು ಲಂಡನ್ನರ ದರ್ಶನ.

ಆಕ್ಸ್‌ಫರ್ಡಿನ ಆಶ್ರಯವೂ 1936ರಲ್ಲಿ ಮುಗಿಯಿತು. ಪ್ಯಾರಿಸ್ ಅವರನ್ನು ಬರಮಾಡಿಕೊಂಡಿತು. 1938ರಲ್ಲಿ ದ್ರವ ಹೀಲಿಯಂ ಸುಮಾರು ಮೈನಸ್ 271 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅತಿ ಕಿರಿದಾದ ಸಂದುಗಳಲ್ಲಿಯೂ ಸರಾಗವಾಗಿ ಹರಿಯುವುದು ಪತ್ತೆಯಾಯಿತು. ನಮ್ಮ ದೇಶದ ಸತ್ಯೇಂದ್ರನಾಥ ಬೋಸರ ಗಣನೆಯನ್ನು ಮುಂದುವರಿಸಿ ಐನ್‌ಸ್ಟೈನರು ತೋರಿಸಿದ್ದ, ಅನೇಕರು ಬರಿಯ ಗಣಿತವೆಂದು ತಿಳಿದಿದ್ದ ವಿಚಾರದಲ್ಲಿ ಲಂಡನ್ನರು ಇದರ ಕಾರಣವನ್ನು ಕಂಡರು. ರಷ್ಯದ ಲಂಡೌ ಈ ವಿವರಣೆಯನ್ನು ಒಪ್ಪಲಿಲ್ಲ.

1939ರಲ್ಲಿ ಅವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ತಮ್ಮ ಬಾಳಿನ ಚಿಂತನೆಯನ್ನೆಲ್ಲ ಎರಡು ಸಂಪುಟಗಳ ಗ್ರಂಥವಾಗಿ ಬರೆದರು. 1953ರಲ್ಲಿ ಲೊರೆಂಟ್ಸ್ ಪದಕ ಅವರಿಗೆ ಸಂದಿತು. ಮರುವರ್ಷ ಮಾರ್ಚ್ 30ರಂದು, ಐವತ್ತನಾಲ್ಕರ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅವರ ಸ್ಮಾರಕ ಪ್ರಶಸ್ತಿ 1957ರಲ್ಲಿ ಆರಂಭವಾಯಿತು. 1960ರಲ್ಲಿ ಅದನ್ನು ಪಡೆದವರು, ಅವರೊಡನೆ ಭಿನ್ನಾಭಿಪ್ರಾಯ ಹೊಂದಿದ್ದ ಲಂಡೌ ಅವರೇ. ಲಂಡನ್ನರ ದಾರಿಯಲ್ಲಿ ನಡೆದು ಅತಿವಾಹಕತೆಯ ಒಗಟನ್ನು ಬಿಡಿಸಿದ ಜಾನ್ ಬಾರ್ಡೀನರು 1972ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಎರಡನೆಯ ಬಾರಿ ಪಡೆದರು. ಆ ಹಣವನ್ನು ಅವರು ಲಂಡನ್ನರ ಹೆಸರಿನ ಪ್ರಶಸ್ತಿ ಮತ್ತು ಉಪನ್ಯಾಸಮಾಲೆಗಾಗಿ ಮುಡಿಪಿಟ್ಟರು. ನೆಲೆಯನ್ನು ಕಸಿದುಕೊಳ್ಳುವ ಶಕ್ತಿ ಅಧಿಕಾರಕ್ಕಿರಬಹುದು; ನಿಜವಾದ ಜ್ಞಾನ ಗಳಿಸಿಕೊಡುವ ಋಣಾನುಬಂಧವನ್ನು ಅದು ಕಸಿಯಲಾರದು.