ರಾಧಾಕಮಲ್ ಮುಖರ್ಜಿ

ರಾಧಾಕಮಲ್ ಮುಖರ್ಜಿ (ಡಿಸೆಂಬರ್ 7, 1889 – ಆಗಸ್ಟ್ 24, 1968) ಭಾರತದ ಸಮಾಜಶಾಸ್ತ್ರಜ್ಞರು ಹಾಗೂ ಅರ್ಥಶಾಸ್ತ್ರಜ್ಞರು. ನೆಲ, ಜಲ, ಸಸ್ಯ ಮತ್ತು ಪ್ರಾಣಿಗಳಿಂದ ಬೇರ್ಪಡಿಸಿ ಮಾನವ ಸಮಾಜವನ್ನು ಅರಿಯಲಾಗದು ಎಂದು ಪ್ರತಿಪಾದಿಸಿದ ಇವರು ಭಾರತದಲ್ಲಿ ಪರಿಸರ ಸಮಾಜಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು.

ಜನನ ಮತ್ತು ಶಿಕ್ಷಣ

ಮುಖರ್ಜಿಯವರು ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯ ಬಹರಾಂಪುರದಲ್ಲಿ ಜನಿಸಿದರು. ತಂದೆ ವಕೀಲರು. ಅಣ್ಣ ರಾಧಾಕುಮುದ್ ಮುಖರ್ಜಿ ಪ್ರಸಿದ್ಧ ಇತಿಹಾಸಕಾರರು. ಕೆಲಕಾಲ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ರಾಧಾಕಮಲ್ ಅವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಮೊದಲು ಇತಿಹಾಸದಲ್ಲಿ ಒಲವಿದ್ದರೂ ನಗರದ ಕೊಳೆಗೇರಿಗಳ ದುಃಸ್ಥಿತಿಯನ್ನು ಕಂಡು ಅರ್ಥಶಾಸ್ತ್ರದತ್ತ ತಿರುಗಿದರು. 1906ರಲ್ಲಿ ಮೆಚುವಾಬಜಾರಿನ ಕೊಳೆಗೇರಿಯಲ್ಲಿ ವಯಸ್ಕರಿಗಾಗಿ ಸಂಜೆಶಾಲೆಯನ್ನು ತೆರೆದರು.

ವೃತ್ತಿಜೀವನ

ಬಹರಾಂಪುರದ ಕೃಷ್ಣನಾಥ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾದರು. ವಯಸ್ಕರ ಶಿಕ್ಷಣದ ಹೆಸರಿನಲ್ಲಿ ಕ್ರಾಂತಿಕಾರಿಗಳಿಗೆ ನೆರವಾಗುತ್ತಿದ್ದಾರೆಂಬ ಶಂಕೆಯಿಂದ ಬ್ರಿಟಿಷ್ ಆಡಳಿತವು 1915ರಲ್ಲಿ ಇವರನ್ನು ಒಂದು ದಿನ ಬಂಧಿಸಿತು. ಇವರು ನಡೆಸುತ್ತಿದ್ದ ಶಾಲೆಗಳು ಮುಚ್ಚಿಹೋದವು. 1921ರಲ್ಲಿ ಲಖನೌ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಮತ್ತು ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಸೇರಿ, 1952ರವರೆಗೆ ಸೇವೆ ಸಲ್ಲಿಸಿದರು. 1955ರಿಂದ 1957ರವರೆಗೆ ಅಲ್ಲಿಯೇ ಕುಲಪತಿಗಳಾಗಿದ್ದರು.

ಸಾಮಾಜಿಕ ಪರಿಸರವಿಜ್ಞಾನ

ಒಂದು ಪ್ರದೇಶದ ಮಣ್ಣು, ಮಳೆ, ಬೆಳೆ, ಜಾನುವಾರು ಮತ್ತು ಜನಜೀವನ ಪರಸ್ಪರ ಹೆಣೆದುಕೊಂಡಿರುತ್ತವೆ, ಒಂದರ ಸಮತೋಲನ ಕೆಟ್ಟರೆ ಉಳಿದವೂ ಕೆಡುತ್ತವೆ ಎಂಬುದು ಮುಖರ್ಜಿಯವರ ಸಿದ್ಧಾಂತದ ತಿರುಳು. 'ರೀಜನಲ್ ಸೋಷಿಯಾಲಜಿ' (1926) ಮತ್ತು 'ಸೋಷಿಯಲ್ ಇಕಾಲಜಿ' (1942) ಕೃತಿಗಳಲ್ಲಿ ಇದನ್ನು ವಿಸ್ತಾರವಾಗಿ ಮಂಡಿಸಿದ್ದಾರೆ.

ಈ ವಿಚಾರಕ್ಕೆ ಉತ್ತಮ ನಿದರ್ಶನ 'ದಿ ಚೇಂಜಿಂಗ್ ಫೇಸ್ ಆಫ್ ಬೆಂಗಾಲ್' (1938). ಗಂಗೆಯ ಮುಖ್ಯ ಪ್ರವಾಹವು ಶತಮಾನಗಳ ಅವಧಿಯಲ್ಲಿ ಪೂರ್ವಕ್ಕೆ ಸರಿದುದರಿಂದ ಪಶ್ಚಿಮ ಮತ್ತು ಮಧ್ಯ ಬಂಗಾಳದ ನದಿಗಳು ಹೂಳು ತುಂಬಿ ಸೊರಗಿದವು. ರೈಲುಹಾದಿಯ ಏರಿಗಳು ಮತ್ತು ಒಡ್ಡುಗಳು ನೀರಿನ ಸಹಜ ಹರಿವನ್ನು ತಡೆದು ಸ್ಥಿತಿಯನ್ನು ಇನ್ನಷ್ಟು ಹದಗೆಡಿಸಿದವು. ನೆರೆನೀರು ತರುತ್ತಿದ್ದ ಫಲವತ್ತಾದ ಮೆಕ್ಕಲುಮಣ್ಣು ಹೊಲಗಳಿಗೆ ದೊರೆಯದಾಯಿತು. ನಿಂತ ನೀರಿನಲ್ಲಿ ಸೊಳ್ಳೆಗಳು ಹೆಚ್ಚಿ ಮಲೇರಿಯಾ ಹರಡಿತು. ಅದೇ ಅವಧಿಯಲ್ಲಿ, ನದಿಗಳು ತುಂಬಿ ಹರಿಯುತ್ತಿದ್ದ ಪೂರ್ವ ಬಂಗಾಳದಲ್ಲಿ ಬೇಸಾಯವೂ ಜನಸಂಖ್ಯೆಯೂ ವೃದ್ಧಿಸಿದವು. ಹೀಗೆ ಬಡತನ ಮತ್ತು ರೋಗಗಳ ಕಾರಣವನ್ನು ಮುಖರ್ಜಿಯವರು ನದಿಯ ಸ್ಥಿತಿಯಲ್ಲಿಯೂ ಗುರುತಿಸಿದರು.

ಇತರ ಕೃತಿಗಳು

'ದಿ ಫೌಂಡೇಶನ್ಸ್ ಆಫ್ ಇಂಡಿಯನ್ ಎಕನಾಮಿಕ್ಸ್' (1916) ಕೃತಿಗೆ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್ ಪ್ರಸ್ತಾವನೆ ಬರೆದಿದ್ದಾರೆ. 'ಲ್ಯಾಂಡ್ ಪ್ರಾಬ್ಲಮ್ಸ್ ಆಫ್ ಇಂಡಿಯಾ' (1933), 'ದಿ ಇಂಡಿಯನ್ ವರ್ಕಿಂಗ್ ಕ್ಲಾಸ್' (1945), 'ದಿ ಸೋಷಿಯಲ್ ಸ್ಟ್ರಕ್ಚರ್ ಆಫ್ ವ್ಯಾಲ್ಯೂಸ್' (1949) ಇವರ ಇತರ ಮುಖ್ಯ ಗ್ರಂಥಗಳು.

ಪ್ರಭಾವ ಮತ್ತು ವಿಮರ್ಶೆ

ಗ್ರಾಮಸಮುದಾಯವನ್ನು ಆದರ್ಶೀಕರಿಸಿ ಅದರೊಳಗಿನ ಜಾತಿ, ವರ್ಗಗಳ ಸಂಘರ್ಷಕ್ಕೆ ಸಾಕಷ್ಟು ಒತ್ತು ನೀಡಲಿಲ್ಲವೆಂಬ ಆಕ್ಷೇಪ ಇವರ ಮೇಲಿದೆ. ನಿಧನಾನಂತರ ಇವರ ಪರಿಸರ ಚಿಂತನೆ ಬಹುಕಾಲ ಮರೆಯಲ್ಲಿತ್ತು. ಇತಿಹಾಸಕಾರ ರಾಮಚಂದ್ರ ಗುಹಾ ಮೊದಲಾದವರು ಭಾರತೀಯ ಪರಿಸರ ಚಿಂತನೆಯ ಪೂರ್ವಸೂರಿಗಳಲ್ಲಿ ಇವರನ್ನು ಗುರುತಿಸಿದ್ದಾರೆ. ಭಾರತ ಸರ್ಕಾರವು 1962ರಲ್ಲಿ ಪದ್ಮಭೂಷಣ ನೀಡಿ ಗೌರವಿಸಿತು.